ಎಡೆದೊರೆ ನಾಡಿನಲ್ಲಿ ಕಾಂಕ್ರೀಟು

ಸಿಮೆಂಟು, ಉಸುಕು, ಖಡಿ, ನೀರು ಎಂಬ ನಾಲ್ಕು ದ್ರವ್ಯಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಅಚ್ಚಿಗೆ ಸುರಿದಾಗ, ಹೊರಗಿನ ಬೆಂಕಿಯ ನೆರವಾಗಲಿ ಒತ್ತಡದ ನೆರವಾಗಲಿ ಬೇಕಾಗದೆ, ತನ್ನೊಳಗಿನ ರಾಸಾಯನಿಕ ವ್ಯಾಪಾರದಿಂದಲೇ ಗಟ್ಟಿಗೊಳ್ಳುವ ಕೃತಕ ಶಿಲೆಯೇ ಕಾಂಕ್ರೀಟು. ಮನುಷ್ಯನು ಉಪಯೋಗಿಸುವ ಪದಾರ್ಥಗಳಲ್ಲಿ ಪ್ರಮಾಣದ ದೃಷ್ಟಿಯಿಂದ ನೀರಿನ ತರುವಾಯದ ಸ್ಥಾನ ಇದಕ್ಕೆ ಸಲ್ಲುತ್ತದೆ. ಜಗತ್ತಿನಲ್ಲಿ ವರ್ಷವೊಂದಕ್ಕೆ ತಯಾರಾಗುವ ಸಿಮೆಂಟು ಸುಮಾರು 400 ಕೋಟಿ ಟನ್ನು. ಅದರ ಉತ್ಪಾದನೆಯಲ್ಲಿ ಚೀನ ಮೊದಲನೆಯದು, ಭಾರತ ಎರಡನೆಯದು. ಸೇತುವೆ, ಅಣೆಕಟ್ಟು, ಬಂದರು, ಹೆದ್ದಾರಿ, ಶಾಲೆ, ಆಸ್ಪತ್ರೆ, ಚರಂಡಿ, ವಿದ್ಯುತ್ ಕಂಬ, ಬಡವನ ಮನೆಯ ಮಾಳಿಗೆ ಇವೆಲ್ಲವನ್ನೂ ಒಂದೇ ದ್ರವ್ಯದಿಂದ ಎರೆಯಲು ಸಾಧ್ಯವಾದ ಯುಗವನ್ನೇ ನಾವು ಆಧುನಿಕವೆಂದು ಕರೆಯುತ್ತಿದ್ದೇವೆ.

ಈ ಪದಾರ್ಥದ ಚರಿತ್ರೆಯನ್ನು ಮಹಾನಗರಗಳ ಗಗನಚುಂಬಿ ಸೌಧಗಳನ್ನು ಮುಂದಿಟ್ಟುಕೊಂಡು ಹೇಳುವ ವಾಡಿಕೆಯುಂಟು. ಆದರೆ ಒಂದು ಒಣ ಸೀಮೆಯ ಬದುಕನ್ನು ಅದು ಎಷ್ಟರಮಟ್ಟಿಗೆ ಮಾರ್ಪಡಿಸಿತು, ಯಾರಿಗೆ ನೀರು ತಂದಿತು, ಯಾರನ್ನು ಊರು ಬಿಡಿಸಿತು ಎಂಬುದನ್ನು ಅರಿಯಬೇಕಾದರೆ, ಕೃಷ್ಣಾ ತುಂಗಭದ್ರೆಗಳ ನಡುವೆ ಹರಡಿಕೊಂಡು ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರಾದ ರಾಯಚೂರು ಪ್ರಾಂತ್ಯದ ಕಡೆಗೆ, ಅದರಲ್ಲಿಯೂ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ನಡುವಣ ಸಂತೆಕಲ್ಲೂರು ಸೀಮೆಯ ಕಡೆಗೆ ನೋಡುವುದು ಉಚಿತ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿಯೇ ಮಳೆಯ ಲೆಕ್ಕ ಮುಗಿದುಹೋಗುವ ನೆಲವಿದು. ಕೆಲವು ಕಡೆ ಕಪ್ಪು ಎರೆಮಣ್ಣು, ಕೆಲವು ಕಡೆ ಕೆಂಪು ಮಸಾರಿಮಣ್ಣು, ನಡುನಡುವೆ ಬೋಳು ಬಂಡೆಗಳ ಗುಡ್ಡ. ಹತ್ತೊಂಬತ್ತನೆಯ ಶತಮಾನದಲ್ಲಿ ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ಒಕ್ಕಲುತನವನ್ನೇ ವಿಷಯವಾಗಿಟ್ಟುಕೊಂಡು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನು ರಚಿಸಿದುದು ಇಂತಹ ನೆಲದಲ್ಲಿಯೇ ಎಂಬುದು ನೆನೆಯತಕ್ಕ ಸಂಗತಿ.

ಕಲ್ಲಿನ ಕೆಲಸ ಈ ಸೀಮೆಗೆ ಹೊಸದಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರು ಬಂಡೆಯ ಮೈಮೇಲೆ ಕೊರೆದು ನಿಂತಿದೆ. ಮುದಗಲ್ಲಿನ ಕೋಟೆಯಲ್ಲಿ ದೈತ್ಯಾಕಾರದ ಕಲ್ಲುಗಳು ಒಂದರ ಮೇಲೊಂದು ಕುಳಿತಿವೆ. ಕಲ್ಲನ್ನು ಕೆತ್ತುವುದು, ಕಲ್ಲನ್ನು ಪೇರಿಸುವುದು ಎಂಬ ಎರಡು ವಿದ್ಯೆಗಳಿಗೆ ಜೊತೆಯಾಗಿ, ಕಲ್ಲನ್ನು ಕಲ್ಲಿಗೆ ಬೆಸೆಯುವ ಗಾರೆಯ ವಿದ್ಯೆಯೂ ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿತ್ತು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರೆರೆದು ಅರಳಿಸಿ, ಉಸುಕಿನೊಡನೆ ಗಾಣದ ದೋಣಿಗೆ ಹಾಕಿ, ಎತ್ತು ಎಳೆಯುವ ಕಲ್ಲುಚಕ್ರದ ಅಡಿಯಲ್ಲಿ ಬೆಣ್ಣೆಯಂತಾಗುವ ತನಕ ಅರೆದು ಸಿದ್ಧಗೊಳಿಸಿದ ಗಾರೆ ಕಟ್ಟಡಕ್ಕೆ ಬರುತ್ತಿತ್ತು. ನೀರಿನ ಸಂಪರ್ಕ ಇರುವ ಕಡೆ ಅದಕ್ಕೆ ಸುರಕಿ, ಅಂದರೆ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿ, ಬೆರೆಯುತ್ತಿತ್ತು.

ಈ ಸುರಕಿಯ ಗುಣವನ್ನು ತಿಳಿದರೆ ಕಾಂಕ್ರೀಟಿನ ಮರ್ಮವೂ ಅರ್ಧ ತಿಳಿದಂತೆಯೇ. ಬರಿಯ ಸುಣ್ಣ ಗಾಳಿಯಲ್ಲಿನ ಅಂಗಾರಾಮ್ಲವಾಯುವನ್ನು, ಅಂದರೆ ಕಾರ್ಬನ್ ಡೈಆಕ್ಸೈಡನ್ನು, ಹೀರಿ ನಿಧಾನವಾಗಿ ಗಟ್ಟಿಗೊಳ್ಳುವುದರಿಂದ ನೀರಿನೊಳಗೆ ಅದು ನಿಲ್ಲಲಾರದು. ಸುಟ್ಟ ಜೇಡಿಯಲ್ಲಿರುವ ಸಿಲಿಕವು ಸುಣ್ಣದೊಡನೆ ಕೂಡಿದಾಗಲಾದರೋ, ನೀರಿನೊಳಗೆ ಇದ್ದುಕೊಂಡೇ ಗಟ್ಟಿಯಾಗುವ ಹೊಸ ಸಂಯುಕ್ತ ಹುಟ್ಟುತ್ತದೆ. ಇಟಲಿಯ ರೋಮನರು ವೆಸೂವಿಯಸ್ ಸೀಮೆಯ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಪಡೆದುದೂ ಇದೇ ಫಲವನ್ನೇ. ಎರಡನೆಯ ಶತಮಾನದಲ್ಲಿ ಅವರು ಎರೆದ ಪಾಂಥಿಯನ್ ದೇವಾಲಯದ ಗುಮ್ಮಟ, ಒಳಗೆ ಕಬ್ಬಿಣದ ಒಂದು ಸರಳೂ ಇಲ್ಲದೆ, ಸುಮಾರು 43 ಮೀಟರು ವ್ಯಾಸದ ಅವಕಾಶವನ್ನು ಇಂದಿಗೂ ಮುಚ್ಚಿಕೊಂಡು ನಿಂತಿದೆ.

ರೋಮ್ ಸಾಮ್ರಾಜ್ಯ ಅಳಿದ ಮೇಲೆ ಯೂರೋಪಿನಲ್ಲಿ ಈ ವಿದ್ಯೆ ಮಂಕಾಯಿತು. 1750ರ ದಶಕದಲ್ಲಿ ಎಡಿಸ್ಟೋನ್ ದೀಪಸ್ತಂಭವನ್ನು ಕಟ್ಟಹೊರಟ ಜಾನ್ ಸ್ಮೀಟನ್, ಜೇಡಿಯ ಅಂಶವುಳ್ಳ ಸುಣ್ಣದ ಕಲ್ಲೇ ನೀರಿನಲ್ಲಿ ಗಟ್ಟಿಯಾಗುವ ಸುಣ್ಣವನ್ನು ಕೊಡುತ್ತದೆಂದು ಪರೀಕ್ಷೆಯಿಂದ ಕಂಡುಕೊಂಡನು. 1824ರಲ್ಲಿ ಲೀಡ್ಸ್ ನಗರದ ಗೌಂಡಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಸನ್ನದು (ಪೇಟೆಂಟು) ಪಡೆದನು. ಇಂದಿನ ಸಿಮೆಂಟು ಅವನದಕ್ಕಿಂತ ಹೆಚ್ಚಿನ ಶಾಖದಲ್ಲಿ ಬೆಂದದ್ದು: ಸುಣ್ಣದ ಕಲ್ಲು ಮತ್ತು ಜೇಡಿಯ ಪುಡಿಯನ್ನು ತಿರುಗುವ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿದಾಗ ಗೋಲಿಯಂತಹ ಕ್ಲಿಂಕರು ದೊರಕುತ್ತದೆ, ಅದಕ್ಕೆ ಸ್ವಲ್ಪ ಜಿಪ್ಸಮ್ ಸೇರಿಸಿ ನುಣ್ಣಗೆ ಅರೆದರೆ ಸಿಮೆಂಟು.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂಬ ತಿಳಿವಳಿಕೆ ಜನರಲ್ಲಿ ವ್ಯಾಪಕವಾಗಿದೆ. ಅನೇಕ ಕಟ್ಟಡಗಳ ಅಕಾಲ ಜೀರ್ಣತೆಗೆ ಈ ಒಂದು ತಪ್ಪು ತಿಳಿವಳಿಕೆಯೇ ಕಾರಣ. ವಾಸ್ತವದಲ್ಲಿ ಸಿಮೆಂಟಿನ ಕಣಗಳು ನೀರಿನೊಡನೆ ಸಂಯೋಗಹೊಂದಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳನ್ನು ಬೆಳೆಸಿಕೊಂಡು, ಆ ಎಳೆಗಳ ಹೆಣಿಗೆಯಲ್ಲಿ ಉಸುಕು ಖಡಿಗಳನ್ನು ಸೆರೆಹಿಡಿಯುತ್ತವೆ. ಈ ಕ್ರಿಯೆ ಮೊದಲ ಕೆಲವು ದಿನಗಳಲ್ಲಿ ವೇಗವಾಗಿಯೂ, ಅನಂತರ ತಿಂಗಳುಗಟ್ಟಲೆ ಮಂದವಾಗಿಯೂ ನಡೆಯುವುದು. 28ನೆಯ ದಿನದ ಬಲವನ್ನು ಅಳತೆಗೋಲಾಗಿ ಹಿಡಿಯುವುದು ಎಂಜಿನಿಯರರ ಪದ್ಧತಿ. ನಡುವೆ ನೀರು ತಪ್ಪಿದರೆ ಕ್ರಿಯೆ ಅಲ್ಲಿಗೇ ನಿಂತುಹೋಗುವುದು. ಆದರೆ ಕಲಸುವಾಗ ನೀರು ಹೆಚ್ಚಾದರೂ ಕೇಡೇ. ಸಂಯೋಗಕ್ಕೆ ಬೇಡವಾದ ನೀರು ಆರಿಹೋಗುವಾಗ ತನ್ನ ಜಾಗದಲ್ಲಿ ಸೂಕ್ಷ್ಮ ರಂಧ್ರಗಳನ್ನು ಉಳಿಸಿಹೋಗುತ್ತದೆ. ಸಿಮೆಂಟಿಗೂ ನೀರಿಗೂ ಇರುವ ಅನುಪಾತವೇ ಬಲವನ್ನು ನಿರ್ಣಯಿಸುವುದೆಂಬ ಸೂತ್ರವನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿ ಪ್ರಕಟಿಸಿದನು. ಕಲಸುವಾಗ ನೀರಿನಲ್ಲಿ ಜಿಪುಣತನ, ಎರೆದ ಮೇಲೆ ನೀರಿನಲ್ಲಿ ಔದಾರ್ಯ ಎಂಬುದು ಈ ವಿದ್ಯೆಯ ಸಾರ.

ಕಾಂಕ್ರೀಟು ಒತ್ತನ್ನು ಸಹಿಸುವಷ್ಟು ಎಳೆತವನ್ನು ಸಹಿಸಲಾರದು. ಅದರ ಎಳೆತದ ಬಲ ಒತ್ತಿನ ಬಲದ ಹತ್ತನೆಯ ಒಂದು ಪಾಲಿನಷ್ಟು. ಎಳೆತ ಬೀಳುವ ಕಡೆ ಕಬ್ಬಿಣವನ್ನು ಹುದುಗಿಸಿಡುವ ಉಪಾಯದಿಂದ ಈ ಕೊರತೆ ನೀಗಿತು. ಹೂವಿನ ಕುಂಡಗಳನ್ನು ಮಾಡುತ್ತಿದ್ದ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ 1867ರಲ್ಲಿ ಇದಕ್ಕೆ ಸನ್ನದು ಪಡೆದನು. 1892ರಲ್ಲಿ ಫ್ರಾಂಸ್ವಾ ಎನ್ನೆಬಿಕ್ ಕಂಬ, ತೊಲೆ, ಚಾವಣಿಗಳನ್ನು ಒಂದೇ ಅಖಂಡ ಚೌಕಟ್ಟಾಗಿ ಎರೆಯುವ ಕ್ರಮವನ್ನು ರೂಢಿಗೆ ತಂದನು. ಕಾಯುವಾಗ ಕಬ್ಬಿಣವೂ ಕಾಂಕ್ರೀಟೂ ಹೆಚ್ಚುಕಡಿಮೆ ಸಮನಾಗಿ ಹಿಗ್ಗುತ್ತವೆ. ಕಾಂಕ್ರೀಟಿನ ಕ್ಷಾರಗುಣ ಕಬ್ಬಿಣವನ್ನು ತುಕ್ಕಿನಿಂದ ಕಾಪಾಡುತ್ತದೆ. ಪ್ರಕೃತಿಯ ಈ ಎರಡು ಅನುಕೂಲಗಳಿಲ್ಲದಿದ್ದಲ್ಲಿ ಇಪ್ಪತ್ತನೆಯ ಶತಮಾನದ ನಗರಗಳು ಬೇರೆಯೇ ರೂಪ ತಾಳುತ್ತಿದ್ದವು.

ಭಾರತದಲ್ಲಿ ಪೋರಬಂದರದ ಕಾರ್ಖಾನೆ 1914ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಸಿಮೆಂಟಿನ ಉದ್ಯಮ ಬೇರೂರಿತು. ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ ಸೀಮೆಯ ಶಹಾಬಾದಿನಲ್ಲಿ, ನೆಲಹಾಸಿನ ಬಂಡೆಗೆ ಹೆಸರಾದ ಸುಣ್ಣಕಲ್ಲಿನ ನಿಕ್ಷೇಪದ ಮೇಲೆ, 1920ರ ದಶಕದಲ್ಲಿ ಕಾರ್ಖಾನೆ ತಲೆಯೆತ್ತಿತು; 1936ರಲ್ಲಿ ದೇಶದ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಎಂಬ ಒಂದೇ ಕಂಪನಿಯಾದಾಗ ಅದೂ ಅದರೊಳಗೆ ಸೇರಿತು. ಮುಂದೆ ವಾಡಿ, ಸೇಡಂ, ಮಳಖೇಡಗಳಲ್ಲಿಯೂ ಗೂಡುಗಳು ಉರಿಯತೊಡಗಿದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹೆಸರು ಇಂದು ಸಿಮೆಂಟಿನ ಚೀಲಗಳೊಡನೆಯೂ ಊರೂರು ಸುತ್ತುತ್ತಿರುವುದು ಕಾಲದ ವೈಚಿತ್ರ್ಯ.

ಈ ಸೀಮೆಯ ಆಧುನಿಕ ಚರಿತ್ರೆಯ ಮಹಾಘಟನೆ ತುಂಗಭದ್ರಾ ಅಣೆಕಟ್ಟು. ಮದರಾಸು ಆಧಿಪತ್ಯವೂ ಹೈದರಾಬಾದು ಸಂಸ್ಥಾನವೂ ಕೂಡಿ ಕೈಗೊಂಡ ಈ ಕಾರ್ಯಕ್ಕೆ 1945ರ ಫೆಬ್ರುವರಿ 28ರಂದು ಶಂಕುಸ್ಥಾಪನೆಯಾಗಿ, 1953ರಲ್ಲಿ ನೀರು ನಿಂತಿತು. ಸುಮಾರು 2,449 ಮೀಟರು ಉದ್ದದ ಈ ಕಟ್ಟೆಯ ಒಡಲು ಎರೆದ ಕಾಂಕ್ರೀಟಿನದಲ್ಲ. ಸುರಕಿ ಬೆರೆತ ಗಾರೆಯಲ್ಲಿ ಕಟ್ಟಿದ ಕಲ್ಲಿನದು. ಮೈಸೂರು ಸಂಸ್ಥಾನದ ಕನ್ನಂಬಾಡಿ ಕಟ್ಟೆಯೂ ಇದೇ ಬಗೆಯ ಗಾರೆಯಿಂದ ಎದ್ದುದು. 1930ರ ದಶಕದಲ್ಲಿ ಅಮೆರಿಕದ ಕೊಲರಾಡೋ ನದಿಗೆ ಅಡ್ಡಲಾಗಿ ಹೂವರ್ ಅಣೆಕಟ್ಟನ್ನು ಸಂಪೂರ್ಣ ಕಾಂಕ್ರೀಟಿನಲ್ಲಿ ಎರೆದು, ಅದು ಗಟ್ಟಿಯಾಗುವಾಗ ಹುಟ್ಟುವ ಶಾಖವನ್ನು ಕಳೆಯುವುದಕ್ಕೆ ಒಳಗೆಲ್ಲ ಕೊಳವೆಗಳನ್ನಿಟ್ಟು ತಣ್ಣೀರು ಹರಿಸಬೇಕಾಗಿದ್ದಿತು. ನಿಧಾನವಾಗಿ ಗಟ್ಟಿಯಾಗಿ ನಿಧಾನವಾಗಿ ಶಾಖ ಬಿಡುವ ಸುರಕಿ ಗಾರೆಗೆ ಆ ಕಷ್ಟವಿಲ್ಲ. ಕರ್ನಾಟಕದಲ್ಲಿ ಕಾಂಕ್ರೀಟಿನ ಒಡಲುಳ್ಳ ಎತ್ತರದ ಕಟ್ಟೆಯನ್ನು ಕಾಣಬೇಕಾದರೆ ಕಾಳಿ ನದಿಯ ಸೂಪಾಕ್ಕೆ ಹೋಗಬೇಕು. ಅದರ ಎತ್ತರ 101 ಮೀಟರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ತೂಬುಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿದುಹೋಗುತ್ತಿರುವುದನ್ನು ನೋಡುತ್ತ ಸಿಂಧನೂರು, ಮಾನ್ವಿ, ಗಂಗಾವತಿಗಳ ರೈತರು ಕಳೆದ ಆ ವಾರ ಈ ಪ್ರಾಂತ್ಯದ ನೆನಪಿನಲ್ಲಿ ಬಹುಕಾಲ ಉಳಿಯುವುದು. ಹರಿಯುವ ಪ್ರವಾಹದ ನಡುವೆಯೇ ತಾತ್ಕಾಲಿಕ ಉಕ್ಕಿನ ಹಲಗೆಗಳನ್ನು ಇಳಿಸಿ ನೀರನ್ನು ತಡೆದ ಎಂಜಿನಿಯರರೂ ಕೆಲಸಗಾರರೂ ಕೃತಜ್ಞತೆಗೆ ಪಾತ್ರರು. ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು: ಎಪ್ಪತ್ತು ವರ್ಷಗಳ ತರುವಾಯವೂ ಕಲ್ಲುಗಾರೆಯ ಒಡಲು ಅಲುಗಲಿಲ್ಲ, ಸೋತದ್ದು ಸರಪಳಿ. ಮಹಾನಿರ್ಮಾಣವೊಂದರ ಆಯುಷ್ಯ ಅದರ ಅತಿ ದುರ್ಬಲವಾದ ಅಂಗದ ಆಯುಷ್ಯವೇ ಹೊರತು ಅತಿ ಬಲವಾದ ಅಂಗದ್ದಲ್ಲ.

ಅಣೆಕಟ್ಟು ಕಲ್ಲಿನದಾದರೂ ಅದರ ನೀರನ್ನು ಹೊಲಕ್ಕೆ ಮುಟ್ಟಿಸಿದ ಕೀರ್ತಿಯಲ್ಲಿ ಕಾಂಕ್ರೀಟಿಗೆ ದೊಡ್ಡ ಪಾಲಿದೆ. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರು ಉದ್ದ. ಅದರ ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ ಎಂದು ನೀರು ಕವಲೊಡೆಯುವ ಪ್ರತಿಯೊಂದು ಸ್ಥಳದಲ್ಲಿಯೂ ಒಂದು ತೂಬು, ಹಳ್ಳ ದಾಟುವ ಕಡೆ ಒಂದು ಮೇಲ್ಗಾಲುವೆ, ದಾರಿ ದಾಟುವ ಕಡೆ ಒಂದು ಕಿರುಸೇತುವೆ. ಪ್ರವಾಸಿಗಳ ದೃಷ್ಟಿ ಬೀಳದ ಇಂತಹ ಸಾವಿರಾರು ಸಣ್ಣ ಕಟ್ಟಡಗಳೇ ನೀರಾವರಿಯ ನಿಜವಾದ ದೇಹ. ಜೋಳ ಸಜ್ಜೆಗಳ ಸಿಂಧನೂರು ಭತ್ತದ ಸಿಂಧನೂರಾದುದು, ಆಂಧ್ರದಿಂದ ಬಂದ ರೈತ ಕುಟುಂಬಗಳ ಕ್ಯಾಂಪುಗಳು ಕಾಲುವೆಯ ಗುಂಟ ನೆಲೆಸಿದುದು, ಅಕ್ಕಿ ಗಿರಣಿಗಳು ಸಾಲುಗಟ್ಟಿದುದು ಇವೆಲ್ಲವೂ ಆ ತೂಬುಗಳನ್ನು ಹಿಂಬಾಲಿಸಿ ಬಂದ ಬದಲಾವಣೆಗಳು.

ಉತ್ತರದಲ್ಲಿ ಕೃಷ್ಣೆಯ ಕಥೆ ತಡವಾಗಿ ಆರಂಭವಾಯಿತು. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಅಂಗವಾಗಿ ನಾರಾಯಣಪುರದ ಬಸವಸಾಗರ 1982ರಲ್ಲಿ ಪೂರ್ಣಗೊಂಡು, ಅದರ ಬಲದಂಡೆ ಕಾಲುವೆ ಲಿಂಗಸುಗೂರು ದೇವದುರ್ಗಗಳ ಕಡೆಗೆ ಬಂದಿತು. ಆದರೆ ಕಾಲುವೆ ಬಂದ ಊರಿಗೂ ಬಾರದ ಊರಿಗೂ ನಡುವೆ ಅದು ಹೊಸದೊಂದು ಗಡಿಯನ್ನು ಎಳೆದುದೂ ನಿಜ. ಅದೇ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ ಮಸ್ಕಿ ಸೀಮೆಯ ರೈತರು 2020ರ ನವೆಂಬರಿನಿಂದ ಪಾಮನಕಲ್ಲೂರಿನಲ್ಲಿ ದೀರ್ಘಕಾಲ ಧರಣಿ ಕುಳಿತುದು ಈ ಗಡಿಯ ಹೊರಗಿನವರ ನ್ಯಾಯವಾದ ಕೂಗು. ತುಂಗಭದ್ರೆಯ ಕಾಲುವೆಯಲ್ಲಿಯೂ ಕೊನೆಭಾಗದ ರೈತರ ನೀರಿನ ಮೊರೆ ಇಂದಿಗೂ ನಿಂತಿಲ್ಲ. ಎರಡು ನದಿಗಳ ನಡುವೆ ಇದ್ದುಕೊಂಡು ಮುಗಿಲನ್ನೇ ನಂಬಿರುವ ಹಳ್ಳಿಗಳ ದುಃಖಕ್ಕೆ ಎಂಜಿನಿಯರಿಂಗಿನಲ್ಲಿ ಉತ್ತರವಿಲ್ಲವೆಂದು ಹೇಳುವಂತಿಲ್ಲ.

ಕಾಲುವೆಗಳಿಗೆ ಈ ನೆಲದಲ್ಲಿ ಒಬ್ಬ ಬಲವಾದ ವೈರಿಯುಂಟು: ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈತೂರುವಷ್ಟು ಅಗಲವಾಗಿ ಬಿರಿಯುವ ಈ ಮಣ್ಣಿನ ಉಬ್ಬರದ ಒತ್ತಡಕ್ಕೆ ಅಂಗೈಯಷ್ಟು ದಪ್ಪದ ಕಾಂಕ್ರೀಟಿನ ಒಳಹೊದಿಕೆ ಎದುರು ನಿಲ್ಲಲಾರದೆ ಮೊದಲು ಕೂದಲೆಳೆಯಷ್ಟು ಸೀಳಿ, ಆ ಸೀಳಿನಿಂದ ನೀರಿಳಿದು ಹಿಂದಿನ ಮಣ್ಣು ಮತ್ತಷ್ಟು ಉಬ್ಬಿ, ಕೊನೆಗೆ ಹಾಳೆಹಾಳೆಯಾಗಿ ಕಾಲುವೆಯೊಳಗೆ ಕುಸಿಯುತ್ತದೆ. ಕಾಲುವೆಯನ್ನು ಒಮ್ಮೆಲೇ ಬರಿದುಮಾಡಿದರೂ ಹಿಂದಿನ ಅಂತರ್ಜಲ ಹೊದಿಕೆಯನ್ನು ಮುಂದಕ್ಕೆ ನೂಕುವುದು. ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ಎರೆಮಣ್ಣಿನ ಗುಣಧರ್ಮಗಳನ್ನು ದೀರ್ಘಕಾಲ ಶೋಧಿಸಿ, ಅಂಟುಗುಣವಿದ್ದೂ ಉಬ್ಬದಂತಹ ಮಣ್ಣಿನ ದಪ್ಪ ಪದರವೊಂದನ್ನು ಎರೆಗೂ ಹೊದಿಕೆಗೂ ನಡುವೆ ಹಾಸಿದರೆ ಉಬ್ಬರ ಅಡಗುವುದೆಂದು ತೋರಿಸಿಕೊಟ್ಟರು. ಸರಿಯಾದ ಗರಸುಮಣ್ಣನ್ನು ದೂರದಿಂದ ತಂದು, ಪದರಪದರವಾಗಿ ಹದವಾದ ತೇವದಲ್ಲಿ ದಮ್ಮಸುಮಾಡಿ ಹಾಸುವ ಈ ಕೆಲಸ ಶ್ರಮದ್ದು, ಖರ್ಚಿನದು, ಮತ್ತು ಮುಗಿದ ಮೇಲೆ ಕಣ್ಣಿಗೆ ಕಾಣದ್ದು. ಕಣ್ಣಿಗೆ ಕಾಣುವ ಹೊದಿಕೆಗೆ ಹಣ ಸುರಿದು ಕಾಣದ ಪದರದಲ್ಲಿ ಕೈಬಿಗಿಹಿಡಿದ ಕಡೆಗಳಲ್ಲೆಲ್ಲ ಕಾಲುವೆಗಳು ಕೆಲವೇ ವರ್ಷಗಳಲ್ಲಿ ಒಡೆದುಹೋಗುವುದು ನಿಶ್ಚಿತ.

ಅತಿಯಾದ ನೀರುಣಿಕೆಯಿಂದ ಸವಳುಜವಳಾದ ನೆಲದಲ್ಲಿ ಕಾಂಕ್ರೀಟಿಗೆ ಇನ್ನೊಂದು ಬಗೆಯ ಅಪಾಯವಿದೆ. ಮಣ್ಣಿನಲ್ಲಿ ಸಂಚಯವಾದ ಸಲ್ಫೇಟ್ ಲವಣಗಳು ತಳಪಾಯದ ಕಾಂಕ್ರೀಟಿನ ರಂಧ್ರಗಳನ್ನು ಹೊಕ್ಕು, ಅಲ್ಲಿ ಹೊಸ ಹರಳುಗಳಾಗಿ ಹಿಗ್ಗಿ, ಒಳಗಿನಿಂದಲೇ ಅದನ್ನು ಪುಡಿಗೊಳಿಸುತ್ತವೆ. ಕ್ಲೋರೈಡುಗಳು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ಸಲ್ಫೇಟನ್ನು ಎದುರಿಸುವ ಸಿಮೆಂಟೂ ಹಾರುಬೂದಿ ಬೆರೆತ ಸಿಮೆಂಟೂ ಇಂತಹ ಕಡೆ ಹೆಚ್ಚು ಬಾಳಿಕೆ ಬರುತ್ತವೆ. ಹಾರುಬೂದಿಗಾದರೋ ಈ ಜಿಲ್ಲೆಯಲ್ಲಿ ಬರವಿಲ್ಲ. 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಬೂದಿಯೇ ಅದು. ಸುರಕಿ ಸುಣ್ಣಕ್ಕೆ ಮಾಡುತ್ತಿದ್ದ ಉಪಕಾರವನ್ನೇ ಈ ಬೂದಿ ಸಿಮೆಂಟಿಗೆ ಮಾಡುವುದರಿಂದ, ಗಾಣದ ಕಾಲದ ಜ್ಞಾನ ಬೇರೊಂದು ರೂಪದಲ್ಲಿ ಮತ್ತೆ ಈ ನಾಡಿಗೆ ಬಂದಿದೆ.

ಇನ್ನು ಮನೆಗಳ ವಿಚಾರ. ಈ ಸೀಮೆಯ ಹಳೆಯ ಮನೆ ದಪ್ಪನೆಯ ಕಲ್ಲುಮಣ್ಣಿನ ಗೋಡೆಗಳದು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ತುಂಡುಗಳ ಹಾಸು, ಅದರ ಮೇಲೆ ಗೇಣುಗಟ್ಟಲೆ ಮಣ್ಣಿನ ಮೇಲ್ಮುದ್ದೆ. ಮಳೆಗಾಲಕ್ಕೆ ಮುನ್ನ ನೀರು ಇಳಿಯದಂತೆ ಕರಲುಮಣ್ಣಿನ ಹೊದಿಕೆ. ನಡುವೆ ಒಂದು ಬೆಳಕಿಂಡಿ. ರಾಯಚೂರಿನ ಬೇಸಿಗೆಯಲ್ಲಿ ಅದರೊಳಗೆ ಕುಳಿತವನಿಗೆ ಹೊರಗಿನ ಬಿಸಿಲಿನ ಅರಿವೇ ಆಗುತ್ತಿರಲಿಲ್ಲ. ಆದರೆ ವರ್ಷವರ್ಷವೂ ಮಾಳಿಗೆ ಹತ್ತಿ ಮಣ್ಣು ಹಾಕಬೇಕು. ಗೆದ್ದಲು ಜಂತಿಯನ್ನು ತಿನ್ನುವುದು. ಹಿಡಿದು ಬಿಡದ ಮಳೆಯಲ್ಲಿ ಗೋಡೆ ಕುಸಿದು ಮಲಗಿದವರ ಮೇಲೆ ಬಿದ್ದ ವಾರ್ತೆಗಳು ಪ್ರತಿ ಮಳೆಗಾಲದಲ್ಲಿಯೂ ಬರುತ್ತಿದ್ದವು. ತೇಗದ ತೊಲೆಯ ಮಾಳಿಗೆ ಉಳ್ಳವರದು, ಹುಲ್ಲು ತಗಡು ಇಲ್ಲದವರದು ಎಂಬ ಭೇದವನ್ನು ಕಾಂಕ್ರೀಟಿನ ಸ್ಲ್ಯಾಬು ಬಹುಮಟ್ಟಿಗೆ ಅಳಿಸಿತು. ಆಶ್ರಯ ಮನೆಯಾಗಲಿ, ಇಂದಿರಾ ಆವಾಸ್ ಮನೆಯಾಗಲಿ, ದಲಿತ ಕೇರಿಯ ಕುಟುಂಬವೊಂದು ಸೋರದ ಸೂರಿನ ಕೆಳಗೆ ಮೊದಲ ಮಳೆಗಾಲ ಕಳೆದುದಕ್ಕೆ ಇರುವ ಬೆಲೆಯನ್ನು, ಹಳೆಯ ಮನೆಗಳ ತಂಪನ್ನು ಹೊಗಳುವಾಗ ನಾವು ಮರೆಯಬಾರದು. ಸ್ಲ್ಯಾಬಿನ ಮನೆ ಬೇಸಿಗೆಯ ರಾತ್ರಿಗಳಲ್ಲಿ ಹಗಲಿನ ಕಾವನ್ನು ಒಳಕ್ಕೆ ಬಿಡುವುದೆಂಬುದು ದಿಟ. ಮೇಲೆ ಸುಣ್ಣ ಬಳಿಯುವುದರಿಂದ ಅದು ಸಾಕಷ್ಟು ತಗ್ಗುವುದೂ ದಿಟ.

ಸ್ಲ್ಯಾಬು ಹಾಕುವ ದಿನ ಹಳ್ಳಿಯಲ್ಲಿ ಒಂದು ಸಣ್ಣ ಹಬ್ಬವೇ ಸರಿ. ಕಂಬಗಳ ಆಸರೆಯ ಮೇಲೆ ಸೆಂಟ್ರಿಂಗಿನ ತಗಡು ಹಾಸಿ, ಅದರ ಮೇಲೆ ಸರಳುಗಳನ್ನು ಜಾಲರಿಯಾಗಿ ಹೆಣೆದು, ಪ್ರತಿ ಕೂಡುವಿಕೆಯನ್ನೂ ತಂತಿಯಿಂದ ಬಿಗಿದಿರುತ್ತಾರೆ. ಸರಳು ತಗಡಿಗೆ ತಾಗದಂತೆ ಅಡಿಗೆ ಸಿಮೆಂಟಿನ ಸಣ್ಣ ಬಿಲ್ಲೆಗಳನ್ನಿಟ್ಟಿರುತ್ತಾರೆ. ಕಾಯಿ ಒಡೆದ ಮೇಲೆ ಮಿಕ್ಸರು ಗಡಗಡಿಸಲಾರಂಭಿಸಿ, ಬುಟ್ಟಿಗಳು ಕೈಯಿಂದ ಕೈಗೆ ಸಾಗಿ, ಕಲಸಿದ ಮಾಲು ಮೇಲೇರುತ್ತಿದ್ದಂತೆ ಹಿರಿಯ ಗೌಂಡಿ ಹಲಗೆಯಿಂದ ಮಟ್ಟಮಾಡುತ್ತ ಹಿಂದೆ ಸರಿಯುತ್ತಾನೆ. ಕೆಲಸ ಅರ್ಧಕ್ಕೆ ನಿಲ್ಲುವಂತಿಲ್ಲ. ನಿಂತರೆ ಹಳೆಯ ಮಾಲಿಗೂ ಹೊಸದಕ್ಕೂ ನಡುವೆ ಬೆಸುಗೆಯಾಗದ ಗೆರೆ ಉಳಿದು, ಮುಂದೆ ಅಲ್ಲಿಯೇ ಸೋರುವುದು. ಮಾಲು ದಪ್ಪವಾಗಿ ಕೈ ಸೋತಾಗ ಒಂದು ಬಕೆಟು ನೀರು ಹೆಚ್ಚಾಗಿ ಸುರಿಯುವ ಆಸೆ ಹುಟ್ಟುವುದೂ ಆ ಹೊತ್ತಿನಲ್ಲಿಯೇ; ಮನೆಯ ಆಯುಷ್ಯದಲ್ಲಿ ಹಲವು ವರ್ಷಗಳನ್ನು ಆ ಒಂದು ಬಕೆಟು ಕಳೆಯುವುದು. ಮರುದಿನ ಸ್ಲ್ಯಾಬಿನ ಮೇಲೆ ಗೇಣಗಲದ ಒಡ್ಡುಗಳನ್ನು ಹಾಕಿ, ಭತ್ತದ ಗದ್ದೆಯ ಮಡಿಗಳಂತೆ ಚೌಕಗಳನ್ನು ಮಾಡಿ, ನೀರು ನಿಲ್ಲಿಸುತ್ತಾರೆ. ಸುಗ್ಗಿ ಮುಗಿದು ಕೈಯಲ್ಲಿ ಹಣವಿರುವುದು ಬೇಸಿಗೆಯಲ್ಲಾದುದರಿಂದ ಮನೆ ಕಟ್ಟುವ ಕಾಲವೂ ಅದೇ. ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ತಿಂಗಳುಗಳಲ್ಲಿ ಸ್ಲ್ಯಾಬಿಗೆ ನೀರುಣಿಸಲು ಟ್ಯಾಂಕರು ತರಿಸಬೇಕಾಗುವ ಬಡವನ ಸಂಕಟವನ್ನು ಪಠ್ಯಪುಸ್ತಕಗಳು ಬರೆದಿಲ್ಲ.

ಈ ನಾಡು ಕಾಂಕ್ರೀಟನ್ನು ಪಡೆದುದಕ್ಕಿಂತ ಹೆಚ್ಚಾಗಿ ಕಾಂಕ್ರೀಟಿಗೆ ತನ್ನ ಮಕ್ಕಳನ್ನು ಕೊಟ್ಟಿದೆ. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ಮಸ್ಕಿ, ದೇವದುರ್ಗಗಳ ಹಳ್ಳಿಗಳಿಂದ ಗಂಡಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಊರಲ್ಲಿ ಮುದುಕರೂ ಶಾಲೆ ಬಿಡದ ಕೆಲವು ಮಕ್ಕಳೂ ಉಳಿಯುತ್ತಾರೆ. ಹಬ್ಬಕ್ಕೋ ಜಾತ್ರೆಗೋ ಮತದಾನಕ್ಕೋ ಬಸ್ಸು ತುಂಬಿ ಮರಳುತ್ತಾರೆ. ರಾಜಧಾನಿಯ ಬಹುಮಹಡಿ ಕಟ್ಟಡಗಳಲ್ಲಿ, ಮೇಲ್ಸೇತುವೆಗಳಲ್ಲಿ, ಮೆಟ್ರೋ ಕಂಬಗಳಲ್ಲಿ ಎಷ್ಟು ಸಿಮೆಂಟು ಹುದುಗಿದೆಯೋ ಅಷ್ಟೇ ಈ ಸೀಮೆಯ ತೋಳಿನ ಬಲವೂ ಹುದುಗಿದೆ. ಹಸಿ ಸಿಮೆಂಟಿನ ಕ್ಷಾರ ಬರಿಗೈ ಬರಿಗಾಲುಗಳ ಚರ್ಮವನ್ನು ಸುಡುವುದು. ಒಣ ಸಿಮೆಂಟಿನ ಮತ್ತು ಕಲ್ಲುಪುಡಿಯ ಧೂಳು ಶ್ವಾಸಕೋಶವನ್ನು ಸೇರುವುದು. ಎತ್ತರದಿಂದ ಬೀಳುವ ಭಯವಂತೂ ದಿನನಿತ್ಯದ್ದು. ಕಟ್ಟಡ ಕಾರ್ಮಿಕರ ರಕ್ಷಣೆಗಾಗಿ 1996ರಲ್ಲಿ ಕಾನೂನಾಯಿತು. ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಸುಂಕದಿಂದ ಕಲ್ಯಾಣನಿಧಿಯೂ ಏರ್ಪಟ್ಟಿದೆ. ಆದರೆ ನೋಂದಣಿಯ ಚೀಟಿಯಿಲ್ಲದೆ ಗುಂಪುಗುತ್ತಿಗೆಯಲ್ಲಿ ದುಡಿಯುವ ಗುಳೆಯವರಿಗೆ ಆ ನಿಧಿ ಸುಲಭವಾಗಿ ಕೈಗೆಟಕುವುದಿಲ್ಲ. ಆಧುನಿಕ ಜಗತ್ತನ್ನು ಕಾಂಕ್ರೀಟು ಕಟ್ಟಿತೆಂದು ಬರೆಯುವ ಪ್ರತಿಯೊಂದು ಗ್ರಂಥವೂ ಅದನ್ನು ಹೊತ್ತವರು ಯಾರೆಂದು ಬರೆಯಬೇಕು.

ನೀರಿನ ಟಾಕಿ, ಸಿ.ಸಿ. ರಸ್ತೆ, ಚೆಕ್‌ಡ್ಯಾಮು, ಅಂಗನವಾಡಿ, ಬಸ್ ನಿಲ್ದಾಣಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹಳ್ಳಿಯ ಪ್ರತಿಯೊಬ್ಬರೂ ಅವನ್ನು ಬಲ್ಲರು. ಸೇತುವೆಯ ಬಗೆಗೆ ಒಂದು ಮಾತು ಅಗತ್ಯ. ನಾರಾಯಣಪುರದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗಲೆಲ್ಲ ಲಿಂಗಸುಗೂರು ಸೀಮೆಯ ಶೀಲಹಳ್ಳಿ ಸೇತುವೆ ಮುಳುಗಿ, ನಡುಗಡ್ಡೆಯ ಕಡೆಯ ಹಂಚಿನಾಳ, ಯಳಗುಂದಿ, ಕಡದರಗಡ್ಡಿ ಮೊದಲಾದ ಊರುಗಳ ದಾರಿ ತಪ್ಪುವುದು. ಎತ್ತರ ಸಾಲದ ಸೇತುವೆ ಕಟ್ಟುವಾಗ ಉಳಿಸಿದ ಹಣವನ್ನು ಅಲ್ಲಿಯ ಬಾಣಂತಿಯರೂ ರೋಗಿಗಳೂ ಶಾಲೆಯ ಮಕ್ಕಳೂ ಮಳೆಗಾಲದಲ್ಲಿ ತೆರುತ್ತಿದ್ದಾರೆ.

ಕಾಂಕ್ರೀಟಿನ ಬೆಲೆಯನ್ನು ಪ್ರಕೃತಿಯೂ ತೆರುತ್ತಿದೆ. ಸುಣ್ಣದ ಕಲ್ಲು ಸುಡುವಾಗ ಅದರ ತೂಕದ ಶೇಕಡ 44ರಷ್ಟು ಅಂಗಾರಾಮ್ಲವಾಯುವಾಗಿ ಹೊರಬೀಳುವುದು; ಗೂಡಿನ ಇಂಧನದ ಹೊಗೆ ಅದಕ್ಕೆ ಸೇರುವುದು. ಮನುಷ್ಯನು ವಾತಾವರಣಕ್ಕೆ ಬಿಡುವ ಈ ಅನಿಲದಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟಿನದು. ಕೃಷ್ಣಾ ತುಂಗಭದ್ರೆಗಳ ಒಡಲಿನಿಂದ ಉಸುಕನ್ನು ಮಿತಿಮೀರಿ ಎತ್ತುವುದರಿಂದ ನದಿಯ ಪಾತ್ರ ಕುಸಿದು, ದಂಡೆಯ ಬಾವಿಗಳ ಒರತೆ ಕುಗ್ಗುವುದು. ಉಸುಕಿನ ಕಳ್ಳಸಾಗಣೆ ಹಲವು ಊರುಗಳ ಶಾಂತಿಯನ್ನೂ ಕೆಡಿಸಿದೆ. ಕಲ್ಲನ್ನು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ನದಿಯ ಹೊರೆಯನ್ನು ಇಳಿಸಿದರೂ ಗುಡ್ಡಗಳ ಮೇಲೆ ಹೊರಿಸುತ್ತದೆ. ಶಕ್ತಿನಗರದ ಹಾರುಬೂದಿಯನ್ನೂ ತೋರಣಗಲ್ಲಿನ ಉಕ್ಕಿನ ಕುಲುಮೆಗಳ ಕಿಟ್ಟವನ್ನೂ ಸಿಮೆಂಟಿಗೆ ಬೆರೆಸಿ ಕ್ಲಿಂಕರಿನ ಪ್ರಮಾಣವನ್ನು ತಗ್ಗಿಸುವುದು ಸದ್ಯಕ್ಕೆ ನಮ್ಮ ಕೈಯಲ್ಲಿರುವ ಉತ್ತಮ ಉಪಾಯ. ಅದಕ್ಕಿಂತಲೂ ಉತ್ತಮವಾದುದು, ಒಮ್ಮೆ ಕಟ್ಟಿದುದನ್ನು ಎರಡನೆಯ ಸಲ ಕಟ್ಟಬೇಕಾಗದಂತೆ ಕಟ್ಟುವುದು.

ಇಲ್ಲಿಯೇ ನಮ್ಮ ಕಾಲದ ದೊಡ್ಡ ಲೋಪ ಇರುವುದು. ಹೊಸ ಕಟ್ಟಡಕ್ಕೆ ಅಡಿಗಲ್ಲಿದೆ, ಉದ್ಘಾಟನೆಯಿದೆ, ಫಲಕವಿದೆ. ಬಿರುಕಿಗೆ ಮೊದಲ ವರ್ಷದಲ್ಲಿಯೇ ಗಾರೆ ತುಂಬಿದವನ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಗಾಳಿಯ ಅಂಗಾರಾಮ್ಲವಾಯು ವರ್ಷಗಳು ಕಳೆದಂತೆ ಕಾಂಕ್ರೀಟಿನ ಒಳಹೊಕ್ಕು ಅದರ ಕ್ಷಾರವನ್ನು ಕಳೆದಾಗ ಸರಳಿಗೆ ತುಕ್ಕು ಹಿಡಿಯುವುದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಾಲು ಹಿಗ್ಗಿ ಮೇಲಿನ ಹೊದಿಕೆಯನ್ನು ಸಿಡಿಸುವುದು. ಶಾಲೆಯ ಕೊಠಡಿಯ ಚಾವಣಿಯಿಂದ ಮಕ್ಕಳ ಮೇಲೆ ಕಾಂಕ್ರೀಟಿನ ಹೆಕ್ಕಳೆ ಬೀಳುವುದು ಈ ಬಗೆಯಲ್ಲಿ. ಸರಳಿನ ಕೆಳಗೆ ಒಂದಂಗುಲ ಹೊದಿಕೆಯಿದ್ದು, ನೀರಿನ ಪ್ರಮಾಣ ಮಿತವಾಗಿದ್ದು, ಎರೆದ ಮೇಲಿನ ನೀರುಣಿಕೆ ಸರಿಯಾಗಿದ್ದರೆ ಇದೇ ಚಾವಣಿ ಎರಡು ತಲೆಮಾರು ನಿಶ್ಚಿಂತೆಯಾಗಿ ನಿಲ್ಲುವುದು. ನೀರುಣಿಕೆಯ ಖರ್ಚೊಂದನ್ನು ಬಿಟ್ಟರೆ ಈ ಮೂರಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ, ಎಚ್ಚರ ಬೇಕು.

ಆದುದರಿಂದ ಈ ಸೀಮೆಯಲ್ಲಿ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ವಿಜ್ಞಾಪನೆ: ಐವತ್ತು ಕಿಲೋಗ್ರಾಮಿನ ಒಂದು ಚೀಲ ಸಿಮೆಂಟಿಗೆ ಇಪ್ಪತ್ತೈದು ಲೀಟರಿನ ಆಸುಪಾಸಿಗಿಂತ ಹೆಚ್ಚು ನೀರು ಸುರಿಯಗೊಡಬೇಡಿರಿ, ಸರಳಿನ ಅಡಿಗೆ ಬಿಲ್ಲೆಗಳಿವೆಯೆಂದು ಕಣ್ಣಾರೆ ನೋಡಿರಿ, ಬೇಸಿಗೆಯಾದರೆ ಮುಂಜಾನೆಯೋ ಸಂಜೆಯೋ ಎರೆಯಿಸಿರಿ, ಭಾರತೀಯ ಮಾನಕದ ಪ್ರಕಾರ ಸಾಧಾರಣ ಸಿಮೆಂಟಿಗೆ ಕಡಿಮೆಯೆಂದರೆ 7 ದಿನ, ಹಾರುಬೂದಿಯ ಸಿಮೆಂಟಿಗೆ 10 ದಿನ, ಬೇಸಿಗೆಯ ಒಣ ಬಿಸಿಲಿನಲ್ಲಾದರೆ ಕ್ರಮವಾಗಿ 10 ಮತ್ತು 14 ದಿನ, ಒಂದು ಹೊತ್ತೂ ತಪ್ಪದೆ ನೀರುಣಿಸಿರಿ, ಮತ್ತು ಆ ನೀರಿನ ಖರ್ಚನ್ನು ಸಿಮೆಂಟು ಕಬ್ಬಿಣಗಳ ಲೆಕ್ಕದೊಡನೆಯೇ ಮೊದಲಿಗೆ ತೆಗೆದಿಡಿರಿ.